ಸೂಜಿ ತೆಗೆಯುವ ಮೊದಲು

ತಿಕೋಂಡಿ ಮಹಾರಾಷ್ಟ್ರದ ಜತ್ತ ತಾಲೂಕಿನ ಊರು. ಮನೆಮಾತು ಕನ್ನಡ, ಸರ್ಕಾರಿ ಕಾಗದ ಮರಾಠಿ. ಈ ಸೀಮೆಯಲ್ಲಿ ನರ್ಸ್ ಕೆಲಸ ಮಾಡುತ್ತ ಕಲಿತದ್ದಿಷ್ಟು.

1. ನೋಯುವುದಿಲ್ಲ ಎಂದು ಸುಳ್ಳು ಹೇಳಬೇಡಿ. ಐದು ವರ್ಷದ ಡಿಪಿಟಿ ಬೂಸ್ಟರಿಗೆ ಬಂದ ಹುಡುಗನಿಗೆ ನಾನು ಹೇಳುವುದು: "ಚುರ್ ಅಂತೈತಿ ತಮ್ಮಾ, ಲಗೂನ ಹೋಗ್ತೈತಿ. ಅವ್ವನ ತೊಡಿ ಮ್ಯಾಲೆ ಕುಂದರ್ತಿಯೋ, ಕುರ್ಚಿ ಮ್ಯಾಲೋ?" ಲಸಿಕೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ, ಆದರೆ ಎಲ್ಲಿ ಕೂರಬೇಕೆನ್ನುವುದು ಅವನಿಗೆ ಬಿಟ್ಟದ್ದು. "ಅತ್ರ ಸಿಸ್ಟರ್ ಸೂಜಿ ಚುಚ್ತಾರ ನೋಡು" ಎಂದು ಹೆದರಿಸುವ ದೊಡ್ಡವರನ್ನು ಮಾತ್ರ ಗದರುತ್ತೇನೆ.

2. ಚುಚ್ಚುವಾಗ ಕೂಸು ಮೊಲೆಹಾಲು ಕುಡಿಯುತ್ತಿದ್ದರೆ ನೋವು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಆದರೆ ಮಾವ, ಮೈದುನ ನಿಂತಿರುವ ಪಡಸಾಲೆಯಲ್ಲಿ ಯಾವ ಸೊಸೆ ಸೆರಗು ಸರಿಸ್ಯಾಳು? ಒಂದು ಹಳೆ ಸೀರೆ ಅಡ್ಡ ಕಟ್ಟಿ.

3. ಮಗುವನ್ನೇ ಕೇಳಿ. ಅಪ್ಪ "ಹೊಟ್ಟಿ ನೋವ್ರಿ" ಎಂದು ಮಗಳನ್ನು ಕರೆತರುತ್ತಾನೆ. ಅವಳನ್ನು ಅವ್ವನ ಜೊತೆ ಪಕ್ಕಕ್ಕೆ ಕೂರಿಸಿ ಕೇಳಿದರೆ "ಒಂದಕ್ಕ ಹೋದಾಗ ಉರೀತೈತಿ" ಎನ್ನುತ್ತಾಳೆ. ನೋಡಬೇಕಾದ ರೋಗವೇ ಬೇರೆಯಾಯಿತು! ಮಿರಜದ್ದೋ ಸಾಂಗಲಿಯದ್ದೋ ಆಸ್ಪತ್ರೆಗೆ ಕಳಿಸಿದರೆ ಪ್ರಶ್ನೆ ಮರಾಠಿಯಲ್ಲಿ, ಉತ್ತರ ಅಪ್ಪನದು, ಹುಡುಗಿ ಗೋಡೆ ನೋಡುತ್ತ ಕೂತಿರುತ್ತಾಳೆ. ಅದಕ್ಕೇ ಅವಳು ಹೇಳಿದ್ದನ್ನು ಚೀಟಿಯಲ್ಲಿ ಮರಾಠಿಯಲ್ಲೇ ಬರೆದು ಕೊಡುತ್ತೇನೆ. ಅಲ್ಲಿ ಏನೇನು ಮಾಡುತ್ತಾರೆಂದು ಅವಳಿಗೆ ಕನ್ನಡದಲ್ಲಿ ಮೊದಲೇ ಹೇಳಿರುತ್ತೇನೆ. ಮಗುವಿನ ಮಾತಿಗೆ ಬೆಲೆ ಕೊಡಬೇಕೆನ್ನುವ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿದ್ದು 1992ರಲ್ಲಿ. ತಪಾಸಣೆ ಕೋಣೆಗೆ ಅದು ಇನ್ನೂ ಪೂರ್ತಿ ಬಂದಿಲ್ಲ.

4. ಶಾಲೆಯ ತಪಾಸಣೆಯಲ್ಲಿ ತೂಕ ಕೂಗಬೇಡಿ. ಸಂಜೆಯೊಳಗೆ ಅಡ್ಡಹೆಸರು ಬಿದ್ದಿರುತ್ತದೆ.

5. ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದಾಗ "ಊರಾಗ ಮುಗಿಸ್ತೀವ್ರಿ" ಎನ್ನುವ ಹಿರಿಯರು ಬಂದೇ ಬರುತ್ತಾರೆ. 2012ರ ಪೋಕ್ಸೊ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಹುಡುಗಿಯಾದರೆ ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಬೇಕು, ಅವಳು ನಂಬುವ ಒಬ್ಬರು ಜೊತೆಗಿರಬೇಕು. ಇಲ್ಲಿ ಚೌಕಾಸಿಯಿಲ್ಲ.

6. ಕಬ್ಬು ಕಡಿಯಲು ಹೋದ ಮನೆಯ ಮಕ್ಕಳ ಡೋಸ್ ತಪ್ಪುತ್ತದೆ. ತಿರುಗಿ ಬಂದ ತಾಯಿಯನ್ನು ಮಗುವಿನೆದುರು ಬಯ್ದರೆ ಮುಂದಿನ ಸಲ ಅವಳು ಬರುವುದೇ ಇಲ್ಲ. ಮೊದಲಿನಿಂದ ಹಾಕಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಲಸಿಕೆ ಕಾರ್ಡಿನ ಫೋಟೊ ಅವಳ ಮೊಬೈಲಿನಲ್ಲಿ ತೆಗೆದಿಡಿ. ಸಕ್ಕರೆ ಕಾರ್ಖಾನೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅದನ್ನು ತೋರಿಸಿದರೆ ಅಲ್ಲೇ ಹಾಕುತ್ತಾರೆ.