ಹಳೆಯ ಗಣಕಯಂತ್ರಕ್ಕೆ ಹಗುರವಾದ ಕಾರ್ಯಾಚರಣ ವ್ಯವಸ್ಥೆ

ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ವಿಂಡೋಸ್ 11ಕ್ಕಾದರೋ 4 ಜಿ.ಬಿ. ರ‍್ಯಾಮ್ ಇದ್ದರೆ ಸಾಲದು, ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವೂ, ಸಂಸ್ಥೆಯ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಇದರಿಂದಾಗಿ ಸುಸ್ಥಿತಿಯಲ್ಲಿರುವ ಅನೇಕ ಗಣಕಯಂತ್ರಗಳು ನಿರುಪಯುಕ್ತವೆನಿಸಿಕೊಂಡಿವೆ. ಅವುಗಳನ್ನು ಗುಜರಿಗೆ ಹಾಕುವುದು ನಷ್ಟ. ಭದ್ರತಾ ಪರಿಷ್ಕರಣೆಗಳಿಲ್ಲದ ಯಂತ್ರದಲ್ಲಿಯೇ ಬ್ಯಾಂಕಿನ ವ್ಯವಹಾರವನ್ನು ಮುಂದುವರಿಸುವುದು ಅದಕ್ಕಿಂತಲೂ ದೊಡ್ಡ ಅಪಾಯ. ಇವೆರಡನ್ನೂ ತಪ್ಪಿಸುವ ಮಾರ್ಗವೊಂದುಂಟು. ಅದೇ ಲಿನಕ್ಸ್.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಇದರ ತಿರುಳನ್ನು ರಚಿಸಿದರು. ಮೂಲಸಂಕೇತವು ಎಲ್ಲರಿಗೂ ಮುಕ್ತವಾಗಿರುವುದರಿಂದ ಅನೇಕ ತಂಡಗಳು ಅದರ ಸುತ್ತ ತಮ್ಮದೇ ಆದ ವ್ಯವಸ್ಥೆಗಳನ್ನು ಕಟ್ಟಿವೆ. ತಿರುಳು ಒಂದೇ ಆದರೂ ಭಾರ ಒಂದೇ ಅಲ್ಲ. ಪರದೆಯ ಮೇಲೆ ಕಾಣುವ ಕಿಟಕಿ, ಪಟ್ಟಿ, ಅಲಂಕಾರಗಳ ಏರ್ಪಾಡಿನಿಂದಲೇ ಬಹುಮಟ್ಟಿಗೆ ಈ ವ್ಯತ್ಯಾಸ ಉಂಟಾಗುತ್ತದೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎಂಬ ಏರ್ಪಾಡುಗಳು ಹಗುರವಾದವು.

ಔಷಧಕ್ಕೆ ಮೊದಲು ರೋಗಿಯ ಪರೀಕ್ಷೆ ಹೇಗೋ, ಆಯ್ಕೆಗೆ ಮೊದಲು ಯಂತ್ರದ ಪರೀಕ್ಷೆಯೂ ಹಾಗೆಯೇ. ರ‍್ಯಾಮ್ ಎಷ್ಟು? ಪ್ರೊಸೆಸರ್ 64 ಬಿಟ್‌ನದೋ, 32 ಬಿಟ್‌ನದೋ? 4 ಜಿ.ಬಿ. ಉಳ್ಳ 64 ಬಿಟ್ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯು ಹೊಂದುತ್ತದೆ. ವಿಂಡೋಸ್ ರೂಢಿಯಾದವರಿಗೆ ಅದು ತೀರ ಅಪರಿಚಿತವೆನಿಸದು. 2 ಜಿ.ಬಿ. ಮಾತ್ರವಿದ್ದಲ್ಲಿ ಲುಬುಂಟು ಉಚಿತ. ರ‍್ಯಾಮ್ ಇನ್ನೂ ಕಡಿಮೆಯಿದ್ದರೆ, ಇಲ್ಲವೆ ಪ್ರೊಸೆಸರ್ 32 ಬಿಟ್‌ನದಾಗಿದ್ದರೆ, ಆಂಟಿಎಕ್ಸ್ 23 ನೆರವಾಗುತ್ತದೆ.

ಠೇವಣಿಗಿರುವಂತೆಯೇ ಇವುಗಳಿಗೂ ಒಂದು ಅವಧಿಯುಂಟು. ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಲುಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಮೂರು ವರ್ಷ. ಅವಧಿ ಮುಗಿದೊಡನೆ ಹೊಸ ಆವೃತ್ತಿಗೆ ಬದಲಾಯಿಸಿಕೊಳ್ಳದಿದ್ದರೆ ಮೊದಲಿನ ಅಪಾಯವೇ ಮರಳುತ್ತದೆ.

ವ್ಯವಸ್ಥೆ ಹಗುರವಾದ ಮಾತ್ರಕ್ಕೆ ಎಲ್ಲವೂ ವೇಗವಾಗುವುದೆಂದು ಭಾವಿಸಲಾಗದು. ಇಂದಿನ ಜಾಲತಾಣಗಳೇ ಭಾರವಾದವು. ಒಂದೊಂದು ಪುಟವೂ ನೂರಾರು ಎಂ.ಬಿ. ರ‍್ಯಾಮನ್ನು ಕಬಳಿಸಬಲ್ಲುದು. 1 ಜಿ.ಬಿ. ಯಂತ್ರವು ಬರವಣಿಗೆಗೆ, ಸಂಗೀತ ಕೇಳಲು ಒದಗೀತು. ಹಲವು ಪುಟಗಳನ್ನು ಒಟ್ಟಿಗೆ ತೆರೆಯಲು ಒದಗದು. ಸಾಧ್ಯವಿದ್ದಲ್ಲಿ ರ‍್ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕಿನ ಬದಲು ಎಸ್.ಎಸ್.ಡಿ. ಅಳವಡಿಸುವುದು ಲಾಭದಾಯಕ.

ಈ ವ್ಯವಸ್ಥೆಗಳನ್ನು ಪೆನ್ ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ವೈಫೈ, ಧ್ವನಿ, ಮುದ್ರಕಗಳು ಸರಿಯಾಗಿ ಕೆಲಸಮಾಡುವುವೇ ಎಂಬುದನ್ನು ಹೀಗೆ ಪರೀಕ್ಷಿಸಿದ ಬಳಿಕವೇ ಸ್ಥಾಪಿಸತಕ್ಕದ್ದು. ಸ್ಥಾಪನೆಯ ವೇಳೆ ಡಿಸ್ಕಿನಲ್ಲಿರುವುದೆಲ್ಲವೂ ಅಳಿಸಿಹೋಗಬಹುದಾದ್ದರಿಂದ ಛಾಯಾಚಿತ್ರ, ಲೆಕ್ಕಪತ್ರಗಳ ಪ್ರತಿಯನ್ನು ಮೊದಲೇ ಬೇರೆಡೆ ತೆಗೆದಿಡುವುದು ಅತ್ಯವಶ್ಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರರೂಪದಲ್ಲಿ ಟೈಪು ಮಾಡಿದ ಕನ್ನಡ ಕಡತಗಳಿದ್ದರೆ ಅವುಗಳನ್ನು ಮುಂಚಿತವಾಗಿ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಲೇಸು. ಆಗ ಊರಿಗೆ ಬರೆದ ಹಳೆಯ ಪತ್ರಗಳೂ ಹೊಸ ವ್ಯವಸ್ಥೆಯಲ್ಲಿ ಕನ್ನಡವಾಗಿಯೇ ತೆರೆದುಕೊಳ್ಳುತ್ತವೆ.