ದಿವಾನ್ ಮಿರ್ಜಾ ಇಸ್ಮಾಯಿಲರೂ ನಮ್ಮ ಸೀಮೆಯೂ

‘ದಿವಾನ’ ಎಂಬುದು ಪಾರಸಿಯಿಂದ ಬಂದ ಶಬ್ದ. ದಫ್ತರ, ಕಚೇರಿ ಎಂಬ ಅರ್ಥಗಳು ಅದಕ್ಕುಂಟು. ‘ಮಂತ್ರಿ’ ಎಂಬುದು ಸಂಸ್ಕೃತ ಶಬ್ದ, ಮಂತ್ರವೆಂದರೆ ಆಲೋಚನೆ. ಒಂದು ಶಬ್ದ ಕಾರ್ಯಭಾರವನ್ನೂ ಇನ್ನೊಂದು ವಿವೇಕವನ್ನೂ ಸೂಚಿಸುತ್ತದೆ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಮೈಸೂರು ಸಂಸ್ಥಾನದ ಆಡಳಿತಸೂತ್ರವನ್ನು ಹಿಡಿದಿದ್ದ ಸರ್ ಮಿರ್ಜಾ ಇಸ್ಮಾಯಿಲರನ್ನು ಈ ಎರಡು ಶಬ್ದಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತವಾಗಿದೆ.

1883ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಗಳು. ಮೊದಲು ಪ್ರಭುಗಳ ಆಪ್ತ ಕಾರ್ಯದರ್ಶಿಗಳಾಗಿದ್ದು, 1926ರಿಂದ 1941ರವರೆಗೆ ದಿವಾನರಾಗಿದ್ದರು. ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿಯೂ ಭಾಗವಹಿಸಿದರು.

ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೇಲೆದ್ದ ಕನ್ನಂಬಾಡಿಯ ಕಟ್ಟೆಯ ನೀರು ನಮ್ಮ ಹೊಲಗಳಿಗೆ ಹರಿದುಬಂದದ್ದು ಮಿರ್ಜಾ ಅವರ ಕಾಲದಲ್ಲಿ. ಹುಲಿಕೆರೆಯ ಬಳಿ ಸುರಂಗ ಕೊರೆದು ತಂದ ಇರ್ವಿನ್ ನಾಲೆಯೇ ಇಂದಿನ ವಿಶ್ವೇಶ್ವರಯ್ಯ ನಾಲೆ. ಮಳೆಯನ್ನೇ ನಂಬಿ ರಾಗಿ, ಹುರುಳಿ ಬೆಳೆಯುತ್ತಿದ್ದ ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದಲ್ಲಿ ಬತ್ತ, ಕಬ್ಬುಗಳು ತಲೆಯೆತ್ತಿದುವು. ಕೃಷಿತಜ್ಞ ಲೆಸ್ಲಿ ಕೋಲ್ಮನ್ನರ ಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಇದು ದಿವಾನಗಿರಿಯ ಸಾಫಲ್ಯ.

ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಮನುಷ್ಯನ ಹಸಿವು ಮುಗಿಯುವುದಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗು ಹಳ್ಳಿಹಳ್ಳಿಗಳಲ್ಲಿ ಎದ್ದಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಮಗ್ಗುಲಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ನಿಷೇಧಾಜ್ಞೆಯನ್ನು ಮೀರಿ ಧ್ವಜವೇರಿತು, ನಾಯಕರು ಬಂಧಿತರಾದರು. ನೀರು ಕೊಟ್ಟ ಸರ್ಕಾರವೇ ಬಾವುಟವನ್ನು ತಡೆಯಿತು. ಆ ನೀರುಂಡ ನೆಲದ ಜನರೇ ಅದನ್ನು ಎತ್ತಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆದು ರಕ್ತ ಹರಿಯಿತು.

ಅನಂತರ ಸರದಾರ ಪಟೇಲರು ಬೆಂಗಳೂರಿಗೆ ಬಂದರು. ಮಿರ್ಜಾ ಅವರೊಡನೆ ನಡೆದ ಮಾತುಕತೆಯ ಫಲವಾಗಿ ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದಾಯಿತು. ತಡವಾಗಿಯಾದರೂ ಅಲ್ಲಿ ದಿವಾನರೊಳಗಿನ ಮಂತ್ರಿ ಎಚ್ಚೆತ್ತನು. ಪೂರ್ಣ ಜವಾಬ್ದಾರಿ ಸರ್ಕಾರಕ್ಕೆ ಮಾತ್ರ ಜನರು 1947ರವರೆಗೆ ಕಾಯಬೇಕಾಯಿತು.

ಆದ್ದರಿಂದ ಅಧ್ಯಾಪಕರು ಈ ಪಾಠವನ್ನು ಹೇಳುವಾಗ ನಾಲೆಯನ್ನು ಹೊಗಳಿ ಶಿವಪುರವನ್ನು ಮರೆಯಲಾಗದು. ಶಿವಪುರವನ್ನು ಸ್ಮರಿಸಿ ನಾಲೆಯನ್ನು ಅಲ್ಲಗಳೆಯಲೂ ಆಗದು. ಉಪಕಾರವನ್ನು ನೆನೆಯುವುದು ಧರ್ಮ; ಉಪಕಾರಕ್ಕಾಗಿ ಸ್ವಾತಂತ್ರ್ಯವನ್ನು ಒತ್ತೆಯಿಡದಿರುವುದೂ ಧರ್ಮ. ಈ ಎರಡನ್ನೂ ನಮ್ಮ ಹಿರಿಯರು ಒಂದೇ ಮಣ್ಣಿನಲ್ಲಿ ನಿಂತು ಆಚರಿಸಿದರು.