ಜಮೀನು ಮಾರಿ ರೇಸ್ ಓಡಿಸಬೇಡಿ

2008ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಮನೆಗಳ ಹಣದ ಲೆಕ್ಕವೇ ಬದಲಾಗಿಹೋಗಿದೆ. ಹಾಲಿನ ಡೇರಿಯ ಬಟವಾಡೆ ನೆಚ್ಚಿಕೊಂಡು ಸಂಸಾರ ನಡೆಸುವವರ ಹೆಸರಿನಲ್ಲೂ ಕೋಟಿಗೆ ಬಾಳುವ ಪಹಣಿ ಇದೆ. ಕೈಯಲ್ಲಿ ಓಡಾಡುವ ದುಡ್ಡು ಕಡಿಮೆ, ಹೆಸರಿನಲ್ಲಿರುವ ಆಸ್ತಿ ಹೆಚ್ಚು. ಇಂಥ ಮನೆಗೆ ದುಬಾರಿ ಆಸೆಯೊಂದು ಕಾಲಿಟ್ಟರೆ ಎಲ್ಲರ ಕಣ್ಣೂ ಮೊದಲು ಹೊರಳುವುದು ಜಮೀನಿನ ಕಡೆಗೆ. ನಮ್ಮ ಮನೆಗೆ ಕಾಲಿಟ್ಟದ್ದು ಕಾರ್ ರೇಸ್.

ಮಗಳಿಗೆ ಈಗ ಹದಿನಾಲ್ಕು. ಹೆಣ್ಣೂರು–ಬಾಗಲೂರು ರಸ್ತೆಯ ಮೆಕೊ ಕಾರ್ಟೋಪಿಯಾದಲ್ಲಿ ಬಾಡಿಗೆ ಕಾರ್ಟ್ ಓಡಿಸಿದವಳು ಅದನ್ನು ಬಿಡಲೇ ಇಲ್ಲ. ದೊಡ್ಡಬಳ್ಳಾಪುರದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ತಮ್ಮನೇ ನಮ್ಮ ತಂಡದ ಮೆಕ್ಯಾನಿಕ್. ಖರ್ಚಿನ ಪುಸ್ತಕ ಬರೆಯುವವಳು ನನ್ನ ಹೆಂಡತಿ. ಗಾಡಿ ಓಡಿಸಿಕೊಂಡು ಹೋಗುವುದು, ಟೈರಿನ ಗಾಳಿ ಅಳೆದು ಬರೆದಿಡುವುದು, ಫಾರಂಗಳಿಗೆ ಸಹಿ ಹಾಕುವುದು ನನ್ನ ಪಾಲು. ಮಗಳು ಟ್ರ್ಯಾಕಿನಿಂದ ಒಳಗೆ ಬಂದು, ಹೆಲ್ಮೆಟ್ ತೆಗೆಯುವ ಮುಂಚೆಯೇ "ಚಿಕ್ಕಪ್ಪ, ಹಿಂದಿನ ಎಡಗಡೆ ಟೈರು ಜಾರ್ತಿದೆ" ಎಂದು ಹೇಳುವಾಗ, ಈ ಖರ್ಚು ಏಕೆ ಎಂಬ ಪ್ರಶ್ನೆ ನನಗೆ ಏಳುವುದಿಲ್ಲ. ಎಷ್ಟು, ಯಾವ ದುಡ್ಡಿನಲ್ಲಿ ಎಂಬ ಪ್ರಶ್ನೆಗಳು ಮಾತ್ರ ಉಳಿಯುತ್ತವೆ. ಈ ಬರಹ ಅವುಗಳ ಬಗ್ಗೆ.

ಕಾರ್ಟ್ ನೋಡಲು ಆಟದ ಸಾಮಾನಿನಂತಿದ್ದರೂ ಅದು ಪಕ್ಕಾ ರೇಸ್ ಗಾಡಿ. ನಮ್ಮ ದೇಶದ ರಾಷ್ಟ್ರೀಯ ಕಾರ್ಟಿಂಗ್‌ನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಆಸ್ಟ್ರಿಯಾದ ರೋಟಾಕ್ಸ್ ಕಂಪನಿಯ 125 ಸಿಸಿ ಟೂ ಸ್ಟ್ರೋಕ್ ಎಂಜಿನ್. ಪುಟ್ಟ ಮಕ್ಕಳಿಗೆ ಮೈಕ್ರೊ ಮ್ಯಾಕ್ಸ್, ಹನ್ನೆರಡರ ಆಸುಪಾಸಿನಿಂದ ಜೂನಿಯರ್, ಆಮೇಲೆ ಸೀನಿಯರ್. ಜೂನಿಯರ್ ಎಂಜಿನ್‌ಗೆ ಸುಮಾರು 23 ಅಶ್ವಶಕ್ತಿ, ಸೀನಿಯರ್‌ಗೆ ಸುಮಾರು 30. ಎಂಜಿನ್‌ಗೆ ಸೀಲ್ ಹಾಕಿರುತ್ತಾರೆ. ಅಧಿಕೃತ ಸರ್ವೀಸ್ ಸೆಂಟರ್ ಬಿಟ್ಟು ಬೇರೆ ಯಾರೂ ಅದನ್ನು ಬಿಚ್ಚುವಂತಿಲ್ಲ. ಹಣವಿದ್ದವರು ಎಂಜಿನ್ ತಿದ್ದಿಸಿಕೊಂಡು ಗೆಲ್ಲದಿರಲಿ ಎಂದು ಮಾಡಿದ ಈ ನಿಯಮ ನಮ್ಮಂಥ ಮನೆಗಳಿಗೆ ವರವೇ ಸರಿ. ಆದರೆ ಇನ್ನೊಂದು ಪರಿಣಾಮವೂ ಇದೆ: ಮನೆಯಲ್ಲೇ ಮೆಕ್ಯಾನಿಕ್ ಇದ್ದರೂ ಎಂಜಿನ್ನಿನ ಒಳಗಿನ ಕೆಲಸದಲ್ಲಿ ಒಂದು ರೂಪಾಯಿ ಉಳಿಯುವುದಿಲ್ಲ. ತಮ್ಮನ ಕೈಚಳಕ ಉಳಿಸುವುದು ಚಾಸಿಸ್, ಚೈನು, ಸ್ಪ್ರಾಕೆಟ್ಟು, ಬ್ರೇಕಿನ ಕೆಲಸಗಳಲ್ಲಿ.

ರೇಸಿಗೆ ಇಳಿಯುವ ಕುಟುಂಬಗಳು ಮೊದಲು ಕೇಳುವುದು ಗಾಡಿಗೆ ಎಷ್ಟು ಎಂದು. ಗಾಡಿಯ ದುಡ್ಡು ಒಮ್ಮೆ ಹೋಗುತ್ತದೆ, ಮಾರಿದಾಗ ಒಂದಿಷ್ಟು ವಾಪಸೂ ಬರುತ್ತದೆ. ಹೋದದ್ದು ವಾಪಸು ಬಾರದ ಬಾಬ್ತುಗಳು ಬೇರೆ. ನಮ್ಮ ಪುಸ್ತಕದಲ್ಲಿ ಅತಿ ದಪ್ಪವಾಗಿರುವುದು ಟೈರಿನ ಪುಟ. ಸ್ಲಿಕ್ ಟೈರಿನ ಹಿಡಿತ ಓಡಿದಷ್ಟೂ ಇಳಿಯುತ್ತದೆ, ಸ್ಪರ್ಧೆಗೆ ಹೊಸದು ಬೇಕೇ ಬೇಕು. ಪಂದ್ಯಾವಳಿಯವರು ಗೊತ್ತು ಮಾಡಿದ ಟೈರನ್ನೇ ಹಾಕಬೇಕಾದ್ದರಿಂದ ಚೌಕಾಸಿಗೆ ಜಾಗವಿಲ್ಲ. ಆಮೇಲೆ ಎಂಟ್ರಿ ಫೀ, ಮೋಟಾರ್ ಸ್ಪೋರ್ಟ್ಸ್ ಒಕ್ಕೂಟವಾದ ಎಫ್‌ಎಂಎಸ್‌ಸಿಐನ ವಾರ್ಷಿಕ ಲೈಸೆನ್ಸು, ಊಟ, ರೂಮು, ಡೀಸೆಲ್ಲು, ಟೋಲು. ಮೊದಲ ತಿರುವಿನಲ್ಲೇ ಹಿಂದಿನಿಂದ ಗುದ್ದಿಸಿಕೊಂಡು ಆಕ್ಸಲ್ ಬಾಗಿದರೆ ಆ ದಿನದ ರೇಸೂ ಹೋಯಿತು, ತಿಂಗಳ ಲೆಕ್ಕವೂ ಹೋಯಿತು. ಹಾಗಾಗಿ ಒಟ್ಟು ಬಜೆಟ್ಟಿನ ಕಾಲು ಭಾಗವನ್ನು ರಿಪೇರಿಗೆಂದೇ ಎತ್ತಿಡುತ್ತೇವೆ. ಸೀಸನ್ ಮುಗಿದಾಗ ಅದರಲ್ಲಿ ಏನಾದರೂ ಉಳಿದರೆ ಅದು ಮುಂದಿನ ವರ್ಷದ ಟೈರಿಗೆ.

ಉಳಿತಾಯವನ್ನೇ ನೋಡಬಾರದ ಒಂದು ಕಡೆಯೂ ಇದೆ. ಮಕ್ಕಳ ಕತ್ತಿಗೆ ಭಾರವಾಗದಂತೆ ಸ್ನೆಲ್–ಎಫ್‌ಐಎ ಸಿಎಂಆರ್ ಎಂಬ ಮಾನದಂಡದಲ್ಲಿ ಹಗುರವಾದ ಹೆಲ್ಮೆಟ್ ಬರುತ್ತದೆ. ಅದನ್ನೂ, ಪಕ್ಕೆಲುಬಿನ ರಕ್ಷಾಕವಚವನ್ನೂ ಹೊಸದಾಗಿಯೇ ಕೊಳ್ಳಿ. ಕಾರ್ಟ್ ಸೆಕೆಂಡ್ ಹ್ಯಾಂಡ್ ಆದರೆ ನಡೆಯುತ್ತದೆ.

ನಮ್ಮ ಮಿತಿ ವರ್ಷಕ್ಕೆ ಆರು ಲಕ್ಷ ರೂಪಾಯಿ. ನಾವು ಮೂವರು ದುಡಿಯುವವರು ಸೇರಿ ತಿಂಗಳಿಗೆ ಐವತ್ತು ಸಾವಿರ ಬೇರೆ ಖಾತೆಗೆ ಹಾಕುತ್ತೇವೆ, ರೇಸಿನ ಎಲ್ಲ ಪಾವತಿಯೂ ಅಲ್ಲಿಂದಲೇ. ಆ ಖಾತೆಗೆ ಕ್ರೆಡಿಟ್ ಕಾರ್ಡಿಲ್ಲ, ಓವರ್‌ಡ್ರಾಫ್ಟಿಲ್ಲ. ಈ ದುಡ್ಡಿನಲ್ಲಿ ಎಲ್ಲ ಸುತ್ತುಗಳನ್ನೂ ಓಡಿಸಲಾಗುವುದಿಲ್ಲ, ಕೆಲವನ್ನು ಬಿಡಲೇಬೇಕು. ಯಾವುದನ್ನು ಬಿಡಬೇಕೆಂದು ಮಗಳನ್ನೂ ಕೂರಿಸಿಕೊಂಡು ತೀರ್ಮಾನಿಸುತ್ತೇವೆ. ಹೊಸ ಟೈರು ಬೇಕೋ, ಇನ್ನೊಂದು ದಿನದ ಪ್ರಾಕ್ಟೀಸ್ ಬೇಕೋ ಎಂದು ಅವಳೇ ಆರಿಸುತ್ತಾಳೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಸಿಗದ ಹಣಕಾಸಿನ ಪಾಠ ಅದು.

ಆ ಐವತ್ತು ಸಾವಿರ ಇನ್ನೊಂದು ದಾರಿಯಲ್ಲಿ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಮುಚ್ಚಿಡದೆ ಮಗಳಿಗೆ ತೋರಿಸಿದ್ದೇನೆ. ಹನ್ನೆರಡರಿಂದ ಹದಿನೆಂಟರವರೆಗೆ ಆರು ವರ್ಷ ತಿಂಗಳು ತಿಂಗಳು ಅಷ್ಟೇ ಮೊತ್ತವನ್ನು ಶೇ 7ರ ಆದಾಯದಲ್ಲಿ ಇಟ್ಟರೆ, ಕಟ್ಟಿದ್ದು 36 ಲಕ್ಷ, ಕೈಗೆ ಬರುವುದು ಸುಮಾರು 44.5 ಲಕ್ಷ. ಇದು ರೇಸಿನ ನಿಜವಾದ ಬೆಲೆ. ಗೊತ್ತಿದ್ದೂ ಕೊಡುತ್ತಿದ್ದೇವೆ. ಅವಳ ಸುಕನ್ಯಾ ಸಮೃದ್ಧಿ ಖಾತೆಗೆ ಹೋಗುವ ವಂತಿಗೆ, ಆರು ತಿಂಗಳ ಸಂಸಾರಕ್ಕಾಗುವ ಆಪದ್ಧನ, ನಮ್ಮಿಬ್ಬರ ನಿವೃತ್ತಿಯ ಉಳಿತಾಯ, ಈ ಮೂರು ಹೋದ ಮೇಲೆ ಉಳಿದದ್ದರಲ್ಲಿ ಮಾತ್ರ.

ಈಗ ಜಮೀನಿನ ವಿಷಯ. ಅವಳು ಮೊದಲ ಸಲ ಪೋಡಿಯಂ ಹತ್ತಿದ ಸುದ್ದಿ ಕೇಳಿ ನಮ್ಮ ಸೋದರಮಾವ ಪ್ರೀತಿಯಿಂದಲೇ ಹೇಳಿದರು: "ರಸ್ತೆ ಬದಿಯ ಹತ್ತು ಗುಂಟೆ ಕೊಟ್ಟುಬಿಡಪ್ಪ, ಮಗು ಫಾರಿನ್‌ಗೆ ಹೋಗ್ತಾಳೆ." ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ರಿಂಗ್ ರೋಡ್ ಬಂದ ಮೇಲೆ ಆ ಹತ್ತು ಗುಂಟೆಯ ಬೆಲೆ ಏನೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಪಿತ್ರಾರ್ಜಿತ ಒಟ್ಟು ಕುಟುಂಬದ ಆಸ್ತಿಯನ್ನು ಮನೆಯ ಯಜಮಾನ ಒಬ್ಬನೇ ಮನಸ್ಸಿಗೆ ಬಂದಂತೆ ಮಾರುವಂತಿಲ್ಲ. ಕಾನೂನು ಒಪ್ಪುವ ಕುಟುಂಬದ ಅಗತ್ಯವಿರಬೇಕು, ಇಲ್ಲವೇ ಆಸ್ತಿಗೇ ಲಾಭವಾಗಬೇಕು. ಒಂದು ಮಗುವಿನ ರೇಸು ಅಂಥ ಅಗತ್ಯ ಎಂದು ನ್ಯಾಯಾಲಯದಲ್ಲಿ ಸಾಧಿಸುವುದು ಕಷ್ಟ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಜನ್ಮದಿಂದಲೇ ಸಮಪಾಲು. ನನ್ನ ಅಕ್ಕನ ಪಾಲು, ನನ್ನ ಚಿಕ್ಕ ಮಗನ ಪಾಲು ಎಲ್ಲವೂ ಆ ಗುಂಟೆಗಳಲ್ಲಿದೆ. ಕಾನೂನು ಬಿಡಿ, ಒಬ್ಬಳ ವೇಗಕ್ಕಾಗಿ ಇನ್ನೊಬ್ಬನ ಪಾಲು ಕರಗಿಸುವುದು ನ್ಯಾಯವಲ್ಲ. ಆ ಮಾತನ್ನು ಮಾವನಿಗೆ ಅವತ್ತೇ ಹೇಳಿದೆ, ಅವರೂ ಒಪ್ಪಿದರು.

ರೇಸಿನ ಮೇಲಿನ ಮೆಟ್ಟಿಲುಗಳನ್ನು ನೋಡಿದರೆ ಜಮೀನು ಏಕೆ ಮಾರಬಾರದು ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಮೈನಿ ಕುಟುಂಬವನ್ನೇ ತೆಗೆದುಕೊಳ್ಳಿ. ತಂದೆ ಗೌತಮ್ ಮೈನಿ ಸ್ವತಃ ರೇಸ್ ಓಡಿಸಿದವರು. ದೊಡ್ಡಪ್ಪ–ಚಿಕ್ಕಪ್ಪಂದಿರ ಮನೆತನದ್ದು ಕೈಗಾರಿಕೆ, ರೇವಾ ಎಲೆಕ್ಟ್ರಿಕ್ ಕಾರು ಬಂದದ್ದೂ ಅಲ್ಲಿಂದಲೇ. ಹಿರಿಯ ಮಗ ಅರ್ಜುನ್ 2011ರಲ್ಲಿ, ಹದಿಮೂರರ ಹುಡುಗನಾಗಿದ್ದಾಗ, ಫಾರ್ಮುಲಾ 1ರ ಫೋರ್ಸ್ ಇಂಡಿಯಾ ತಂಡ ದೇಶದಾದ್ಯಂತ ನಡೆಸಿದ ಪ್ರತಿಭಾ ಶೋಧದಲ್ಲಿ ಆಯ್ಕೆಯಾದರು. ಮುಂದೆ ಫಾರ್ಮುಲಾ 2, ಜರ್ಮನಿಯ ಡಿಟಿಎಂ ರೇಸ್ ಸರಣಿಯವರೆಗೆ ಹೋದರು. ತಮ್ಮ ಕುಶ್ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಅಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ. ಅವರ ಶ್ರಮಕ್ಕೆ ನನಗೆ ಅಪಾರ ಗೌರವವಿದೆ. ಆದರೆ ರೇಸ್ ಗೊತ್ತಿರುವ ತಂದೆ, ಕಾರ್ಖಾನೆಗಳಿರುವ ಮನೆತನ, ಎರಡೂ ಇದ್ದೂ ಫಾರ್ಮುಲಾ 1 ಸೀಟಿನ ದಾರಿ ಎಷ್ಟು ಕಿರಿದು ಎಂಬುದನ್ನು ಇದೇ ಕಥೆ ಹೇಳುತ್ತದೆ. ಯುರೋಪಿನ ಒಂದು ಸೀಸನ್ನಿನ ಖರ್ಚು ಕೋಟಿಗಳ ಲೆಕ್ಕದ್ದು. ಹತ್ತು ಗುಂಟೆ ಮಾರಿದ ದುಡ್ಡು ಅಲ್ಲಿ ಒಂದೆರಡು ಸೀಸನ್ನಿನಲ್ಲಿ ಮುಗಿದಿರುತ್ತದೆ. ಆಮೇಲೆ ಜಮೀನೂ ಇಲ್ಲ, ಸೀಟೂ ಇಲ್ಲ.

ದೇಶದೊಳಗೇ ಒಳ್ಳೆಯ ಮೆಟ್ಟಿಲುಗಳಿವೆ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ, ವಿಮಾನ ಅಪಘಾತದಲ್ಲಿ ತೀರಿಕೊಂಡ ರೇಸರ್ ಕರಿವರ್ಧನ್ ಅವರ ಹೆಸರಿನದು. ಅಲ್ಲಿ ಓಡುವ ಫಾರ್ಮುಲಾ ಎಲ್‌ಜಿಬಿ ಕಾರುಗಳಿಗೆ ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಎಂಜಿನ್. ಬಿಡಿಭಾಗ ಊರಲ್ಲೇ ಸಿಗುತ್ತದೆ, ಎಲ್ಲರ ಎಂಜಿನ್ನೂ ಒಂದೇ. ಕಾರು ತಂಡದ್ದು, ನಾವು ಕೊಡುವುದು ಸೀಟಿನ ಬಾಡಿಗೆ. ಶ್ರೀಪೆರಂಬದೂರು ಬಳಿಯ ಮದ್ರಾಸ್ ಟ್ರ್ಯಾಕಿನಲ್ಲಿ ಎಸ್ಟೀಮ್, ಪೋಲೊದಂಥ ಸಣ್ಣ ಕಾರುಗಳ ರೇಸೂ ನಡೆಯುತ್ತಾ ಬಂದಿದೆ. ಹೊಸಕೋಟೆಯಿಂದ ಕೆಜಿಎಫ್ ಕಡೆಗೆ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ನಮಗೆ ಆ ದಾರಿ ಸಲೀಸಾಗಿದೆ. ಸ್ಥಳೀಯ ಮಕ್ಕಳೂ ಹೀಗೆ ಹೆಸರು ಮಾಡಿದ್ದಾರೆ. ಬೆಂಗಳೂರಿನ ಯಶ್ ಆರಾಧ್ಯ 2020ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರ ಪಡೆದದ್ದು ಮೋಟಾರ್ ರೇಸಿಗೇ. ಬೈಕಿನಲ್ಲಾದರೆ ಕಂಪನಿಗಳೇ ಸವಾರರನ್ನು ಸೇರಿಸಿಕೊಳ್ಳುತ್ತವೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ವಿಶ್ವ ಕಪ್ ಗೆದ್ದಾಗ ಅವರ ಹಿಂದೆ ಹೊಸೂರಿನ ಟಿವಿಎಸ್ ಇತ್ತು. ಕಾರಿನಲ್ಲಿ ಸಾಮಾನ್ಯವಾಗಿ ಓಡಿಸುವವರೇ ದುಡ್ಡು ತರಬೇಕು.

ಪ್ರಾಯೋಜಕರನ್ನು ನಂಬಿ ಬಜೆಟ್ ಹಾಕಬೇಡಿ. ನಮಗೆ ಒಬ್ಬ ವ್ಯಾಪಾರಿ ಬಾಯಿ ಮಾತಿನಲ್ಲಿ ಇಡೀ ಸೀಸನ್ನಿನ ಟೈರು ಒಪ್ಪಿಕೊಂಡರು, ಕಾರ್ಟಿನ ಮೇಲೆ ಅವರ ಸ್ಟಿಕರ್ ಅಂಟಿಸಿದ ಮೇಲೆ ಫೋನ್ ಎತ್ತುವುದನ್ನು ಬಿಟ್ಟರು. ನಾವು ಆ ದುಡ್ಡನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವಾದ್ದರಿಂದ ಸೀಸನ್ ನಿಲ್ಲಲಿಲ್ಲ. ಕೊಡುವವರು ಸಿಕ್ಕರೆ ಕರಾರು ಬರೆಸಿಕೊಳ್ಳಿ. ಹದಿನೆಂಟು ತುಂಬದವರು ಮಾಡಿದ ಕರಾರು ಊರ್ಜಿತವಲ್ಲ, ಪೋಷಕರೇ ಸಹಿ ಹಾಕಬೇಕು. ಇನ್ನು ತೆರಿಗೆ: ಅಪ್ರಾಪ್ತ ಮಕ್ಕಳ ಬಡ್ಡಿ ಆದಾಯ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ, ಆದರೆ ಮಗು ತನ್ನ ಪ್ರತಿಭೆ, ಕೌಶಲದಿಂದ ಗಳಿಸಿದ್ದು ಸೇರುವುದಿಲ್ಲ. ಅದು ಮಗುವಿನ ಹೆಸರಿನಲ್ಲೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮಗುವಿನ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಪ್ರತ್ಯೇಕ ಖಾತೆ ತೆರೆದಿಡಿ.

ಅತಿ ಮುಖ್ಯವಾದದ್ದು ವಿಮೆ. 2023ರ ಆಗಸ್ಟ್ 5ರಂದು ಮದ್ರಾಸ್ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಬೈಕ್ ರೇಸಿನ ವೇಳೆ ಬಿದ್ದು ಬೆಂಗಳೂರಿನ ಹದಿಮೂರು ವರ್ಷದ ಹುಡುಗ ತೀರಿಕೊಂಡ. ಆ ಸುದ್ದಿ ಓದಿದ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಮರುದಿನ ನಮ್ಮ ಆರೋಗ್ಯ ವಿಮೆಯ ಪಾಲಿಸಿ ತೆಗೆದು ಕೂತೆ. ಎಲ್ಲ ಕಂಪನಿಗಳಿಗೂ ಏಕರೂಪವಾಗಿ ಇರುವ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಒಂಬತ್ತನೆಯದು ಅಪಾಯಕಾರಿ, ಸಾಹಸ ಕ್ರೀಡೆಗಳದು. ಅದರಲ್ಲಿ ಮೋಟಾರ್ ರೇಸಿಂಗ್ ಹೆಸರು ಹಿಡಿದೇ ಇದೆ. ವೃತ್ತಿಪರವಾಗಿ ಭಾಗವಹಿಸಿ ಗಾಯಗೊಂಡರೆ ಚಿಕಿತ್ಸೆಯ ಹಣ ಇಲ್ಲ. ಶಾಲೆಗೆ ಹೋಗುವ ಮಗು ವೃತ್ತಿಪರ ಹೌದೋ ಅಲ್ಲವೋ, ಪ್ರಾಯೋಜಕರ ದುಡ್ಡು ಬಂದ ಮೇಲೆ ಏನು, ಇವೆಲ್ಲ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ವಾದಿಸುವ ಪ್ರಶ್ನೆಗಳಲ್ಲ. ಮೊದಲೇ ವಿಮಾ ಕಂಪನಿಗೆ ಇಮೇಲ್ ಬರೆದು, ಉತ್ತರವನ್ನು ಬರಹದಲ್ಲಿ ತರಿಸಿಕೊಂಡು ಇಟ್ಟುಕೊಳ್ಳಬೇಕು. ಕಾರಿನ ಪಾಲಿಸಿಯೂ ಹಾಗೆಯೇ. ಸಂಘಟಿತ ರೇಸ್, ವೇಗ ಪರೀಕ್ಷೆಗೆ ಬಳಸಿದರೆ ಮನೆ ಕಾರಿನ ವಿಮೆ ಅನ್ವಯಿಸುವುದಿಲ್ಲ. ರೇಸಿನ ಎಂಟ್ರಿ ಫಾರಂನಲ್ಲಿ ನಾವು ಸಹಿ ಹಾಕುವ ಹೊಣೆಪತ್ರವನ್ನು ಪೂರ್ತಿ ಓದಿ. ಲೈಸೆನ್ಸಿನ ಜೊತೆ, ಸ್ಪರ್ಧೆಯ ಜೊತೆ ಯಾವ ವಿಮೆ ಬರುತ್ತದೆ, ಎಷ್ಟು ಮೊತ್ತಕ್ಕೆ ಎಂದು ಸಂಘಟಕರನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಕೆಲವರು ಇಷ್ಟೆಲ್ಲ ಖರ್ಚು ಬೇಡವೆಂದು ಮಕ್ಕಳಿಗೆ ನಂದಿ ಬೆಟ್ಟದ ರಸ್ತೆಯಲ್ಲೋ ಏರ್‌ಪೋರ್ಟ್ ಹೈವೇಯಲ್ಲೋ ಮನೆಯ ಕಾರಿನ ಕೀಲಿ ಕೊಡುತ್ತಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ರಸ್ತೆಯಲ್ಲಿ ನಡೆದು ಹೋಗುವ ಇನ್ನೊಬ್ಬರ ಮಗುವಿನ ಜೀವಕ್ಕಂತೂ ಯಾವ ದಂಡವೂ ಸಾಟಿಯಲ್ಲ. ವೇಗದ ಆಸೆಯಿರುವ ಮಗುವನ್ನು ಟ್ರ್ಯಾಕಿಗೆ ಕರೆದುಕೊಂಡು ಹೋಗಿ, ಬಾಡಿಗೆ ಕಾರ್ಟಿನಲ್ಲಿ ಒಂದು ವರ್ಷ ಓಡಿಸಿ. ಆಸೆ ಉಳಿದರೆ ಆಗ ಸ್ವಂತ ಕಾರ್ಟಿನ ಮಾತು.

ಮಗಳಿಗೆ ನಾವು ಒಂದು ಗಡುವನ್ನೂ ಹೇಳಿದ್ದೇವೆ. ಹದಿನೆಂಟು ತುಂಬುವ ಸೀಸನ್ನಿನವರೆಗೆ ಮನೆಯ ಆರು ಲಕ್ಷ ಅವಳದು. ಆಮೇಲೆ ತಂಡವೋ ಪ್ರಾಯೋಜಕರೋ ಕೊಟ್ಟರೆ ಓಡಿಸಬೇಕು, ಇಲ್ಲವಾದರೆ ಓದಿನ ಜೊತೆ ರೇಸ್ ಎಂಜಿನಿಯರಿಂಗೋ ಇನ್ನೊಂದೋ ನೋಡಬೇಕು. ಅವಳು ಒಪ್ಪಿ ಖರ್ಚಿನ ಪುಸ್ತಕದ ಮೊದಲ ಪುಟದಲ್ಲಿ ಸಹಿ ಹಾಕಿದ್ದಾಳೆ. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ಖಂಡಿತ ಓಡಿಸಿ. ಮೊದಲ ಅಡ್ವಾನ್ಸ್ ಕೊಡುವ ಮುಂಚೆ ಮಿತಿ, ಗಡುವು, ವಿಮೆ ಈ ಮೂರನ್ನೂ ಕಾಗದದ ಮೇಲೆ ಬರೆಯಿರಿ. ಪಹಣಿ ಬೀರುವಿನಲ್ಲೇ ಇರಲಿ.